ಡಾಕ್ಟರಮ್ಮನ ಆಂಥೂರಿಯಂಗೆ ಹೊಸ ಕುಂಡ

ಹಲ್ಲಿನ ಡಾಕ್ಟರಮ್ಮನಿಗೆ ಇರುವುದು ಒಂದೇ ಗಂಟಲು ಎಂದು ಊರೆಲ್ಲ ನಂಬಿತ್ತು. ನಿಜವಾಗಿ ಇದ್ದದ್ದು ಎರಡು. ಎರಡನೆಯದು ರಿಸೆಪ್ಷನ್ ಮೇಜಿನ ಹಿಂದೆ ಕುಳಿತಿರುತ್ತಿತ್ತು.

ಅಲ್ಲಿ ಕೂರುವ ಹುಡುಗಿಯನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಯಾರ ದನಿ ಕಿವಿಗೆ ಬಿದ್ದರೂ ಅದು ಅವಳ ನಾಲಿಗೆಗೆ ಅಂಟಿಕೊಳ್ಳುತ್ತಿತ್ತು. ಆ ಗಿಣಿ ಮೂಕಿಯಾಗುತ್ತಿದ್ದದ್ದು ಒಬ್ಬನ ಮುಂದೆ ಮಾತ್ರ... ಹೂಗಿಡದ ನರ್ಸರಿಯವನ ಮುಂದೆ.

ಅವನು ತಿಂಗಳಿಗೊಮ್ಮೆ ಬರುತ್ತಿದ್ದ. ಕಾಯುವ ಕೋಣೆಯ ಆಂಥೂರಿಯಂ ಗಿಡದ ಎಲೆ ಒರೆಸಿ, ಮಣ್ಣಿಗೆ ಬೆರಳಿಟ್ಟು ನೋಡಿ, ಅದರ ಕಿವಿಯಲ್ಲಿ ಏನೋ ಗೊಣಗಿ ಹೊರಟುಬಿಡುತ್ತಿದ್ದ. ಗಿಡದ ಜೊತೆ ಮಾತಾಡುವವನು ನನ್ನ ಜೊತೆ ಎರಡು ಮಾತಾಡಬಾರದೇ... ಗಿಣಿಗೆ ಹೊಟ್ಟೆಕಿಚ್ಚು. ಅದೂ ಒಂದು ಗಿಡದ ಮೇಲೆ!

ಗಿಡವೂ ಕುಂಡ ಮೀರಿ ಬೆಳೆದಿತ್ತು. ಬೋಳು ಕಾಂಡವನ್ನು ಕೋಲಿಗೆ ಕಟ್ಟಿದ್ದರು. ಎಲೆ, ಕೆಂಪು ಹೂ ಎಲ್ಲ ತುದಿಯಲ್ಲೇ. ಕಾಂಡ ಕತ್ತರಿಸಿ, ತುದಿಯನ್ನು ಹೊಸ ಕುಂಡಕ್ಕೆ ಹಾಕಬೇಕು, ಅದಕ್ಕೆ ಒಂದು ಇಡೀ ಬೆಳಗ್ಗೆ ಬೇಕು ಎಂದು ಅವನು ಹೇಳಿದ್ದ. ಡಾಕ್ಟರಮ್ಮ ಸುತರಾಂ ಒಪ್ಪಿರಲಿಲ್ಲ. ಕ್ಲಿನಿಕ್ ತೆರೆದ ದಿನ ಗೇಣುದ್ದದ ಸಸಿಯಾಗಿ ಅವರೇ ತಂದಿಟ್ಟಿದ್ದ ಗಿಡ ಅದು.

ಒಂದು ಇಡೀ ಬೆಳಗ್ಗೆ... ಗಿಣಿಯ ಕಿವಿಯಲ್ಲಿ ನಿಂತದ್ದು ಅಷ್ಟೇ.

ಡಾಕ್ಟರಮ್ಮ ಒಳಗೆ ಪೇಷಂಟ್ ನೋಡುತ್ತಿದ್ದಾಗ ಅವಳು ನರ್ಸರಿಗೆ ಫೋನ್ ಹಚ್ಚಿದಳು. ಮೂಗಿನಿಂದ ಅರ್ಧ, ಗಂಟಲಿನಿಂದ ಅರ್ಧ, ಡಾಕ್ಟರಮ್ಮನ ದನಿಯನ್ನೇ ತೆಗೆದಳು.

“ಏನಪ್ಪಾ, ಆ ಗಿಡದ ಕೆಲಸ ಮುಗಿಸಿಬಿಡು. ನಾಳೆ ಬೆಳಗ್ಗೆ ಬಾ. ನಾನು ಲೇಟಾಗಿ ಬರ್ತೀನಿ, ಕಾಯ್ಬೇಡ.”

ಅವನು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಆಗಲಿ ಎಂದ.

ಮರುದಿನ ನೆಲಕ್ಕೆ ಪೇಪರ್ ಹಾಸಿ, ಕಾಂಡ ಹಿಡಿದುಕೊಳ್ಳಲು ಅವಳನ್ನೇ ಕರೆದ. ಕಾಂಡದಿಂದ ಗಾಳಿಯಲ್ಲಿ ಇಳಿಬಿದ್ದ ಬೇರುಗಳ ಕೆಳಗೆ ಚಾಕು ಇಟ್ಟು ಕತ್ತರಿಸಿದ. ತೆಂಗಿನ ನಾರು, ಇದ್ದಿಲು ತುಂಬಿದ ಕುಂಡದಲ್ಲಿ ತುದಿಯನ್ನು ಕೂರಿಸಿದ. ಬೇರು ಹಿಡಿಯುವ ತನಕ ಹೂವಿನ ಭಾರ ಬೇಡವೆಂದು ಹೂಗಳನ್ನೂ ತೆಗೆದ. ನಾರು ಒತ್ತುವಾಗ ಬೆರಳಿಗೆ ಬೆರಳು ತಾಗಿತು, ಇಬ್ಬರೂ ತೆಗೆಯಲಿಲ್ಲ. ಅವನು ತನ್ನಕ್ಕನ ಗೊರಕೆಯ ಕಥೆ ಹೇಳಿದ. ಗಿಣಿ ಆ ಗೊರಕೆಯನ್ನು ಒಮ್ಮೆಯೂ ಕೇಳದೆಯೇ ಹೊಡೆದು ತೋರಿಸಿದಳು. ಅಕ್ಕನದೇ ಎಂದು ಅವನು ನಕ್ಕ.

ಅಷ್ಟರಲ್ಲಿ ಡಾಕ್ಟರಮ್ಮ ಬಂದೇಬಿಟ್ಟರು. ಪೇಪರಿನ ಮೇಲೆ ಬಿದ್ದಿದ್ದ ಕೆಂಪು ಹೂಗಳನ್ನು ನೋಡಿ ಅವರ ಕೈಚೀಲ ಜಾರಿತು. ಯಾರನ್ನು ಕೇಳಿ ಮಾಡಿದೆ ಎಂದರು.

“ನಾನೇ ತಪ್ಪು ತಿಳ್ಕೊಂಡೆ ಡಾಕ್ಟ್ರೇ,” ಎಂದ ಅವನು, ಯಾರನ್ನೂ ನೋಡದೆ.

ಇನ್ನು ಈ ಕಡೆ ತಲೆ ಹಾಕಬೇಡ ಎಂದರು ಡಾಕ್ಟರಮ್ಮ. ಅವನು ಚಾಕು ಒರೆಸಿ ಚೀಲಕ್ಕೆ ಹಾಕಿದ. ಆ ಬಾಗಿಲು ದಾಟಿದರೆ ಮತ್ತೆ ಯಾವ ತಿಂಗಳೂ ಅವನನ್ನು ಕರೆತರುವುದಿಲ್ಲ... ಎಲ್ಲರ ದನಿ ಬರುತ್ತೆ, ನಿನ್ನದೊಂದು ಬರಲ್ವೇನೇ ಎಂದು ಗಿಣಿ ತನ್ನನ್ನೇ ಗದರಿಕೊಂಡಳು.

“ಡಾಕ್ಟ್ರೇ... ನಿಮ್ಮ ದನೀಲಿ ಫೋನ್ ಮಾಡಿ ಕರೆಸಿದ್ದು ನಾನು. ಇವ್ರು ಒಂದು ಬೆಳಗ್ಗೆ ಇಲ್ಲಿರ್ಲಿ ಅಂತ. ಅಷ್ಟಕ್ಕೇ.”

ಡಾಕ್ಟರಮ್ಮ ಪೇಷಂಟ್‌ಗಳ ಬೆಂಚಿನ ಮೇಲೆ ಕುಸಿದರು. ಬಾಗಿಲಲ್ಲಿ ಅವನು ನಿಂತ.

“ನಂಗೆ ಗೊತ್ತಿತ್ತು,” ಎಂದ. “ಫೋನಲ್ಲಿ ಒಬ್ರು ಡಾಕ್ಟ್ರು ನನ್ ಜೊತೆ ಮಾತಾಡ್ತಿದ್ರು. ಹಿಂದ್ಗಡೆ ಇನ್ನೊಬ್ರು ಡಾಕ್ಟ್ರು, ‘ಬಾಯಿ ದೊಡ್ಡದಾಗಿ ತೆಗೀರಿ, ನಾನೇನು ನಿಮ್ಮನ್ನ ನುಂಗಲ್ಲ’ ಅಂತ ಯಾರನ್ನೋ ಗದರ್ತಿದ್ರು.”

ಡಾಕ್ಟರಮ್ಮನ ತುಟಿ ಅದುರಿತು. ಗೊತ್ತಿದ್ದೂ ಚಾಕು ಹಾಕಿದೆಯಾ ಎಂದರು. ಕೋಲಿಗೆ ಕಟ್ಟಿದ್ದ ಕಡೆ ಕಾಂಡ ಕೊಳೆಯತೊಡಗಿತ್ತು, ಆದರೂ ಕೇಳದೆ ಕತ್ತರಿಸಿದ್ದು ತಪ್ಪೇ ಎಂದು ಅವನು ಒಪ್ಪಿಕೊಂಡ.

“ಗೊತ್ತಿದ್ದೂ ಯಾಕೆ ಬಂದ್ರಿ?” ಎಂದಳು ಗಿಣಿ ಮೆಲ್ಲಗೆ.

“ಕರೆದಿದ್ದು ನೀವಲ್ವಾ... ಅದಕ್ಕೇ.”

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡು, ಆ ದನಿ ತಮ್ಮೆದುರೇ ತೆಗೆಯಬೇಕೆಂದು ಆಜ್ಞೆ ಮಾಡಿದರು. ಗಿಣಿ ಅವನ ಕಡೆ ತಿರುಗಿ ತೆಗೆದಳು.

“ಏನಪ್ಪಾ, ಗಿಡ ಬೇರು ಬಿಡೋವರೆಗೂ ವಾರವಾರ ಬರ್ಬೇಕು. ಬಿಟ್ಟ ಮೇಲೂ ಬರ್ಬೇಕು.”

“ಇದನ್ನ ಹೇಳ್ತಿರೋದು ಯಾರು? ಡಾಕ್ಟ್ರಾ?”

“ನಾನು,” ಎಂದಳು. ಈ ಸಲ ದನಿಯೂ ಅವಳದೇ.

“ಹಾಗಾದ್ರೆ ಬರ್ತೀನಿ.”

ಇಬ್ಬರೂ ನಾಚಿ ನಕ್ಕರು. ಆದರೆ ಆ ನಗು ಯಾರಿಗೂ ಕೇಳಿಸಲಿಲ್ಲ. ಬೆಂಚು ಬಡಿಯುತ್ತಾ, ಮೂವತ್ತೆರಡೂ ಹಲ್ಲು ತೋರಿಸಿ, ಬೀದಿಗೇ ಕೇಳುವಂತೆ ನಗುತ್ತಿದ್ದವರು ಡಾಕ್ಟರಮ್ಮ.