ಹಗ್ಗ ಹಿಡಿದವಳ ಹೊಟ್ಟೆಕಿಚ್ಚು

"ನಾಯಿ ವಿಷಯ ಆಮೇಲೆ. ಮೊದಲು ನೀವು ಉಸಿರು ಬಿಡಿ!"

ಹೇಳಿದವನು ಅವಳ ಮುಖ ಕೂಡ ನೋಡಿರಲಿಲ್ಲ. ಬೆನ್ನು ತಿರುಗಿಸಿಕೊಂಡು ಕೂತಿದ್ದ!

ಪ್ರಾಣಿ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅವಳು ಎರಡೂ ಕೈಯಲ್ಲಿ ಹಗ್ಗ ಜಗ್ಗಿ ಹಿಡಿದು ನಿಂತಿದ್ದಳು. ಹಗ್ಗದ ಆ ತುದಿಯಲ್ಲಿ ಹತ್ತು ತಿಂಗಳ ನಾಯಿ. ಒಂದು ಹಿಂಗಾಲನ್ನು ಎತ್ತಿಕೊಂಡು, ಉಳಿದ ಮೂರರ ಮೇಲೆ ನಿಂತು, ಎದುರು ಬೆಂಚಿನವರೆಲ್ಲ ಕಾಲು ಮೇಲೆತ್ತಿಕೊಳ್ಳುವಂತೆ ಬೊಗಳುತ್ತಿತ್ತು. ಒಳಗಿನಿಂದ ಬಂದ ಈ ಮನುಷ್ಯ ಮಾತ್ರ ನಾಯಿಗೆ ಬೆನ್ನು ಮಾಡಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದ.

"ಬಿಡ್ತಾನೇ ಇದೀನಿ ರೀ! ಇಲ್ದಿದ್ರೆ ಇಷ್ಟೊತ್ತಿಗೆ ಸತ್ತೇ ಹೋಗಿರ್ತಿದ್ದೆ!"

"ಇಲ್ಲ. ಒಳಗೆ ಎಳ್ಕೊಂಡ್ರಿ, ಹೊರಗೆ ಬಿಟ್ಟಿಲ್ಲ. ನಂಗೆ ಕೇಳ್ಸುತ್ತೆ."

ಎಷ್ಟು ಕೊಬ್ಬು ಇವನಿಗೆ! ಆದರೂ ಅವಳು ಉಸಿರು ಬಿಟ್ಟಳು. ಕೈ ಸಡಿಲಾಯಿತು, ಹಗ್ಗ ಜೋಲು ಬಿತ್ತು. ಬೊಗಳುವುದು ನಿಂತು ಬರೀ ಗುರುಗುಟ್ಟುವುದು ಉಳಿಯಿತು. ಅವನು ತಿರುಗದೆಯೇ ಬೇಯಿಸಿದ ಕೋಳಿಯ ಒಂದು ಚೂರನ್ನು ಹಿಂದಕ್ಕೆ ಎಸೆದ. ನಾಯಿ ಮೂಸಿತು, ತಿಂದಿತು.

ಆಮೇಲೆ ಅವನು ಮೆಲ್ಲಗೆ ತಿರುಗಿ, ನಾಯಿಯನ್ನು ಬಿಟ್ಟು ಅವಳನ್ನು ನೋಡಿ ನಕ್ಕ.

ಅಯ್ಯೋ... ಅವಳ ಉಸಿರು ಮತ್ತೆ ಸಿಕ್ಕಿಕೊಂಡಿತು. ಈ ಸಲ ತಪ್ಪು ನಾಯಿಯದಲ್ಲ!

ಅವಳು ಟೈಲರ್. ಕೆಳಗೆ ಅಂಗಡಿ, ಮೇಲಿನ ಮಹಡಿಯಲ್ಲಿ ಮನೆ, ಮನೆಯಲ್ಲಿ ಚಿಕ್ಕಮ್ಮ. ಇಪ್ಪತ್ತೆಂಟಕ್ಕೇ ಬೀದಿಯವರೆಲ್ಲ ಸೇರಿ ಅವಳನ್ನು 'ಟೈಲರಮ್ಮ' ಮಾಡಿದ್ದರು. ಮೂರು ತಿಂಗಳ ಹಿಂದೆ ಯಾವುದೋ ಗಾಡಿ ಗುದ್ದಿ ಹೋದ ಮರಿಯೊಂದು ತೆವಳುತ್ತ ಬಂದು ಅಂಗಡಿ ಹಿಂದಿನ ಬಟ್ಟೆಚೂರಿನ ಮೂಟೆ ಮೇಲೆ ಮಲಗಿತ್ತು. ಅದಕ್ಕೇ ಅದರ ಹೆಸರು ಚಿಂದಿ. ಹಿಂಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಆಪರೇಷನ್ ಮಾಡಿ, ಒಳಗೆ ಪ್ಲೇಟು ಕೂರಿಸಿ, ಕಾಲು ಉಳಿಸಿಕೊಟ್ಟಿದ್ದರು.

ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಯಾರು ಹತ್ತಿರ ಬಂದರೂ ಮತ್ತೆ ನೋವಾಗುತ್ತದೆ ಎಂಬ ಭಯ. ಓಡಲಾರದ ನಾಯಿ ಇನ್ನೇನು ಮಾಡೀತು? ತಾನೇ ಮೊದಲು ಮೈಮೇಲೆ ಬೀಳುತ್ತಿತ್ತು. ಹೋದ ವಾರ ಮೆಟ್ಟಿಲ ಬಳಿ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯವರ ಪ್ಯಾಂಟು ಹಿಡಿದು ಹರಿದಿತ್ತು. ಪ್ಯಾಂಟನ್ನು ಅವಳೇ ಗೊತ್ತಾಗದಂತೆ ಹೊಲಿದುಕೊಟ್ಟಳು. ಅವರ ಮಾತಿಗೆ ತೇಪೆ ಹಾಕಲು ಮಾತ್ರ ಆಗಲಿಲ್ಲ.

"ನೋಡಮ್ಮ, ಆರು ವಾರ ಟೈಮು. ಇದು ಜನರ ಮಧ್ಯೆ ಇರಬಹುದು ಅಂತ ಆಸ್ಪತ್ರೆಯಿಂದ ಬರೆಸ್ಕೊಂಡು ಬಾ. ಇಲ್ಲಾಂದ್ರೆ ಇದನ್ನ ಎಲ್ಲಿಗಾದ್ರೂ ಕಳಿಸಿಬಿಡು."

ಎಲ್ಲಿಗೆ ಕಳಿಸುವುದು? ರಾತ್ರಿಯೆಲ್ಲ ತನ್ನ ಪಾದದ ಮೇಲೆ ತಲೆಯಿಟ್ಟು ಮಲಗುವ ಜೀವವನ್ನು!

ಅದಕ್ಕೇ ಅವಳು ಇವನ ಹತ್ತಿರ ಬಂದಿದ್ದು. ಪೆಟ್ಟಾದ ಪ್ರಾಣಿಗಳಿಗೆ ವ್ಯಾಯಾಮ ಮಾಡಿಸಿ, ನಡತೆ ಕಲಿಸುವುದು ಅವನ ಕೆಲಸ. ಎಲ್ಲರೂ ಕರೆಯುವುದು 'ನಾಯಿ ಮೇಷ್ಟ್ರು'. ಹೆಸರಿಗೆ ಮೇಷ್ಟ್ರು, ವಯಸ್ಸು ಮೂವತ್ತೊಂದು. ನಾವು 'ಅವನು' ಅಂದರೆ ಬೇಜಾರು ಮಾಡಿಕೊಳ್ಳುವವನಲ್ಲ.

ವಾರಕ್ಕೆ ಮೂರು ಬೆಳಿಗ್ಗೆ, ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಪಾಠ. ನೆಲದ ಮೇಲೆ ಸೀಮೆಸುಣ್ಣದ ಗೆರೆ. ಗೆರೆಯಾಚೆ ಯಾರಾದರೂ ಕಂಡ ತಕ್ಷಣ ಚಿಂದಿಗೆ ಕೋಳಿಯ ಚೂರು. ಅವರು ಮರೆಯಾದರೆ ಅದೂ ಬಂದ್.

"ಹೊಸಬರು ಬಂದ್ರೆ ಒಳ್ಳೇದೇ ಆಗುತ್ತೆ ಅಂತ ಅದಕ್ಕೆ ಅನ್ನಿಸ್ಬೇಕು. ಹಗ್ಗ ಮಾತ್ರ ಜೋಲು ಬಿದ್ದಿರ್ಲಿ. ನಿಮ್ಮ ಕೈ ಬಿಗಿಯಾದ್ರೆ, ಏನೋ ಅಪಾಯ ಇದೆ ಅಂತ ಅದಕ್ಕೆ ಸುದ್ದಿ ಹೋಗುತ್ತೆ."

"ಗುರ್ ಅಂದ್ರೆ ಬೈಲಾ?"

"ಬೈಬೇಡಿ. ಅದು ಅದರ ಮಾತು. ಬಾಯಿ ಮುಚ್ಚಿಸಿದ್ರೆ ನಾಳೆ ಹೇಳದೇ ಕೇಳದೇ ಕಚ್ಚುತ್ತೆ."

ಪ್ರತಿ ಗುರ್‌ಗೂ ಅವನ ಪುಟ್ಟ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಎದುರಿಗೆ ಬಂದವರು ಯಾರು, ಎಷ್ಟು ದೂರ, ಹಗ್ಗ ಯಾರ ಕೈಯಲ್ಲಿ. ಚಿಂದಿಯ ಬಾಯಿಗೆ ಹಾಕುವ ಕುಕ್ಕೆ ಮೂಗಿಗೆ ಒತ್ತುತ್ತಿದೆ ಎಂದು ಅವಳು ಒಳಗೆ ಮೆತ್ತನೆ ಬಟ್ಟೆ ಹೊಲಿದು ತಂದಾಗ, ಅವನು ಆ ಹೊಲಿಗೆಯ ಮೇಲೆ ಬೆರಳಾಡಿಸಿ, "ಇಷ್ಟು ಸಣ್ಣ ಹೊಲಿಗೇನಾ! ಕಣ್ಣು ನೋಯಲ್ವಾ?" ಅಂದ. ಅಷ್ಟೇ ಅಂದದ್ದು! ಅವಳು ಮೂರು ದಿನ ಅದನ್ನೇ ನೆನೆಸಿಕೊಂಡು ಹೊಲಿಗೆ ಯಂತ್ರ ತುಳಿದಳು.

ಮೂರನೇ ವಾರಕ್ಕೆ ಚಿಂದಿ ವಾಚ್‌ಮನ್‌ನನ್ನು ನೋಡಿ ಸುಮ್ಮನಿತ್ತು. ಕಸ ಗುಡಿಸುವಾಕೆಯನ್ನು ನೋಡಿ ಬಾಲ ಕೂಡ ಆಡಿಸಿತು.

ಆಗ ಟೀ ಲೋಟ ಹಿಡಿದು ಡಾಕ್ಟರಮ್ಮ ಅಂಗಳಕ್ಕೆ ಬಂದರು.

"ಏನೋ ಮೇಷ್ಟ್ರೇ, ಇವತ್ತೂ ತಿಂಡಿ ತಿಂದಿಲ್ವಾ? ತಗೋ, ಅರ್ಧ ಕುಡಿ."

ಅವನು ಅದೇ ಲೋಟ ತೆಗೆದುಕೊಂಡು ಕುಡಿದ. ಡಾಕ್ಟರಮ್ಮ ನಗುತ್ತ ಅವನ ಬೆನ್ನಿಗೊಂದು ಗುದ್ದು ಕೊಟ್ಟರು.

ಏನೋ ಅಂತೆ! ಅದೇ ಲೋಟ ಅಂತೆ!

ಗುರ್‌ರ್‌ರ್... ಚಿಂದಿಯ ಬೆನ್ನಿನ ಕೂದಲು ನಿಮಿರಿತು. ಹಗ್ಗ ಜಗ್ಗಿ, ಕುಕ್ಕೆ ಸಮೇತ ಡಾಕ್ಟರಮ್ಮನ ಕಡೆ ನುಗ್ಗಿತು.

"ಪಾಪ, ಸೂಜಿ ಚುಚ್ಚಿದೋಳು ನಾನೇ ಅಲ್ವಾ. ನೆನಪಿರುತ್ತೆ," ಎಂದು ಡಾಕ್ಟರಮ್ಮ ಒಳಗೆ ಹೋದರು. ಎಲ್ಲರೂ ಹೌದೆಂದರು. ಅವಳೂ ತಲೆಯಾಡಿಸಿದಳು. ಮನಸ್ಸಿನಲ್ಲಿ ಮಾತ್ರ... 'ಸರಿಯಾಗೇ ಮಾಡ್ದೆ ಬಿಡು ಚಿಂದಿ!'

ಮರುಕ್ಷಣವೇ ನಾಚಿಕೆಯಾಯಿತು. ಚಿಂದಿಯ ಜೀವ ಉಳಿಸಿದ ಕೈ ಅದು. ಉಂಡ ಮನೆಗೆ ಎರಡು ಬಗೆಯುವುದಾ? ಹಾಗೆಂದುಕೊಂಡರೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಡಾಕ್ಟರಮ್ಮ ಅವನ ಹತ್ತಿರ ಬಂದಾಗಲೆಲ್ಲ ಚಿಂದಿ ಗುರ್ ಅಂದಿತು, ಅವನು ಬರೆದುಕೊಂಡ.

"ಏನೇ ಅದು?" ಚಿಕ್ಕಮ್ಮ ಒಂದು ಮಧ್ಯಾಹ್ನ ಅಂಗಡಿಗಿಳಿದು ಕೇಳಿದರು. "ಶರ್ಟಿಗೆ ಮೂರನೇ ತೋಳು ಹೊಲೀತಿದೀಯಲ್ಲ, ಯಾರಿಗೆ?"

ನೋಡಿದರೆ ಹೌದು! ಕಾಲರು ಕೂರಿಸಬೇಕಾದಲ್ಲಿ ತೋಳು ಕೂತಿತ್ತು.

"ಚಿಕ್ಕಮ್ಮಾ... ಗಂಡಸ್ರನ್ನ 'ಏನೋ' ಅಂತ ಯಾರು ಕರೀತಾರೆ?"

"ಅಕ್ಕ ಕರೀತಾಳೆ, ಸ್ನೇಹಿತೆ ಕರೀತಾಳೆ..." ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. "ಹೆಂಡ್ತೀನೂ ಕರೀತಾಳೆ. ಯಾಕೆ, ನಿಂಗೆ ಯಾರನ್ನ ಕರೀಬೇಕಾಗಿದೆ?"

ಅವಳು ತೋಳು ಬಿಚ್ಚತೊಡಗಿದಳು.

ಐದನೇ ವಾರ ಅವನೇ ಬಾಂಬು ಹಾಕಿದ.

"ಒಂದು ಕೆಲಸ ಮಾಡೋಣ. ಇನ್ನು ನಾಲ್ಕು ದಿನ ಚಿಂದಿನ ಬೆಳಿಗ್ಗೆ ಇಲ್ಲಿ ಬಿಟ್ಟುಹೋಗಿ. ಡಾಕ್ಟರಮ್ಮನ ಜೊತೆ ನಾನೇ ಅಭ್ಯಾಸ ಮಾಡಿಸ್ತೀನಿ. ನೀವು... ಬರ್ಬೇಡಿ."

"ನಾನು ಇದ್ರೆ ಏನು ತೊಂದ್ರೆ?"

"ಸುಮ್ನೆ ಒಂದು ಪ್ರಯತ್ನ."

ನಾನು ಬೇಡ, ಅವರು ಬೇಕು. ಇಷ್ಟೇ ತಾನೆ? ಎಂದುಕೊಂಡು ಅವಳು ಮನೆಗೆ ಬಂದಳು. ಮೂರು ದಿನ ತಡೆದಳು. ನಾಲ್ಕನೇ ದಿನ ಚಿಂದಿಯನ್ನು ಬಿಟ್ಟವಳು ವಾಪಸು ಹೋಗದೆ ಆಸ್ಪತ್ರೆಯ ಹಿಂದಿನ ಗೇಟಿನ ಸಂದಿಯಲ್ಲಿ ಇಣುಕಿದಳು. ಕಲ್ಲುಬೆಂಚಿನ ಮೇಲೆ ಅವನು, ಪಕ್ಕದಲ್ಲಿ ಡಾಕ್ಟರಮ್ಮ. ಚಿಂದಿ ನೆಟ್ಟಗೆ ಹೋಗಿ ಡಾಕ್ಟರಮ್ಮನ ಅಂಗೈಯಿಂದ ಕೋಳಿ ತಿಂದಿತು! ಇಬ್ಬರೂ ಕೈ ಕೈ ತಟ್ಟಿ ನಕ್ಕರು.

ಆ ನಗು, ಆ ಬೆಂಚು, ಆ ನಾಯಿ... ಥೇಟ್ ಸಂಸಾರ! ನನ್ನ ನಾಯಿಯೂ ಹೋಯ್ತು!

ಅವಳ ಕಣ್ಣು ತುಂಬಿತು.

ಪರೀಕ್ಷೆಯ ದಿನ ಬಂತು. ನಾಯಿ ಯಾರ ಮನೆಯಲ್ಲಿರುತ್ತದೋ ಅವರೇ ಹಗ್ಗ ಹಿಡಿಯಬೇಕು, ಅದು ಆಸ್ಪತ್ರೆಯ ನಿಯಮ. ಐದು ಜನ ಒಬ್ಬರಾದ ಮೇಲೊಬ್ಬರು ಎರಡು ಮಾರು ದೂರದಲ್ಲಿ ದಾಟಿಹೋಗಬೇಕು. ನಾಲ್ಕು ಜನ ಹೋದರು. ಚಿಂದಿ ಅವಳ ಮುಖ ನೋಡಿ ಚೂರು ತಿನ್ನುತ್ತ ಶಾಂತವಾಗಿತ್ತು.

ಐದನೆಯವರು ಡಾಕ್ಟರಮ್ಮ. ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ. ಮೇಜಿನಿಂದ ಏಳುವಾಗ ಅವನ ತೋಳಿಗೆ ಅಂಟಿದ್ದ ನಾಯಿಕೂದಲನ್ನು ಕೊಡವಿ, "ಒಂದು ದಿನವಾದ್ರೂ ನೀಟಾಗಿ ಬಾರೋ," ಎಂದು ನಗುತ್ತ ಬಂದರು.

ಚಿಂದಿ ಗುರ್ ಅಂದಿತು, ಹಾರಿತು. ಕುಕ್ಕೆ ಡಾಕ್ಟರಮ್ಮನ ಮೊಣಕಾಲಿಗೆ ಬಡಿಯಿತು.

ಡಾಕ್ಟರಮ್ಮ ಮೊಣಕಾಲು ಸವರಿಕೊಳ್ಳುತ್ತ ಮೇಜಿಗೆ ಮರಳಿದರು.

"ಸುಳ್ಳು ಬರೆಯೋಕಾಗಲ್ಲ ಕಣಮ್ಮ," ಡಾಕ್ಟರಮ್ಮ ನಿಧಾನವಾಗಿ ಪೆನ್ನು ತೆಗೆದರು. "ನಾಳೆ ಮೆಟ್ಟಿಲಲ್ಲಿ ಇನ್ಯಾರಿಗಾದ್ರೂ ಹೀಗಾದ್ರೆ?"

"ಮೊನ್ನೆ ನಿಮ್ಮ ಕೈಯಿಂದಲೇ ತಿಂತಲ್ಲ ಡಾಕ್ಟ್ರೇ!" ಅವನು ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿದ. "ನೋಡಿ, ದೂರ ಕಮ್ಮಿಯಾಗ್ತಾನೇ ಇದೆ..."

ಅವನು ದೂರವನ್ನು ತೋರಿಸುತ್ತಿದ್ದ. ಅವಳ ಕಣ್ಣು ಬೇರೆ ಕಡೆ ಹೋಯಿತು. ಡಾಕ್ಟರಮ್ಮನಿಗೆ ಹದಿನಾಲ್ಕು ಗುರ್. ಹದಿನಾಲ್ಕರಲ್ಲೂ ಹಗ್ಗ ಹಿಡಿದವಳು ತಾನು. ಅವನು ಹಿಡಿದಾಗ ಒಂದೂ ಇಲ್ಲ. ನಡುವೆ ಬೇರೆ ಕೈಬರಹದ ಒಂದು ಸಾಲು. ಅವನು ರಜೆ ಹಾಕಿದ್ದ ದಿನ ಆಸ್ಪತ್ರೆಯ ನರ್ಸ್ ಬರೆದದ್ದು: 'ಡಾಕ್ಟರಮ್ಮ, ಎರಡು ಮಾರು. ಹಗ್ಗ ಟೈಲರಮ್ಮ. ಗುರ್ ಇಲ್ಲ.'

ಹೌದು... ಅವತ್ತು ಅವನು ಇರಲಿಲ್ಲ. ಅವತ್ತು ಡಾಕ್ಟರಮ್ಮನ ಮೇಲೆ ತನಗೆ ಏನೂ ಅನ್ನಿಸಿರಲಿಲ್ಲ.

ಎಲ್ಲವನ್ನೂ ಬರೆಯುವ ಮೇಷ್ಟ್ರಿಗೆ, ಆ ಹದಿನಾಲ್ಕು ಸಲವೂ ತಾನು ಅಲ್ಲೇ ಇದ್ದೆ ಎಂಬುದೊಂದು ಹೊಳೆದಿರಲಿಲ್ಲ!

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತನ್ನ ಹೊಟ್ಟೆಕಿಚ್ಚಿಗೆ ಚಿಂದಿ ಮನೆ ಬಿಡಬೇಕಾ? ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಚಿಂದಿ ಹೋಗುತ್ತದೆ. ಪೆನ್ನು ಆಗಲೇ ಕಾಗದ ಮುಟ್ಟಿತ್ತು.

ಮಾನ ಹಾಳಾಗಲಿ!

"ಬರೀಬೇಡಿ ಡಾಕ್ಟ್ರೇ! ಚಿಂದಿಗೆ ನಿಮ್ಮ ಮೇಲೆ ಏನೂ ಇಲ್ಲ. ಇರೋದು... ಇರೋದು ನಂಗೆ."

"ನಿಮಗಾ?"

"ನೀವು ಇವರನ್ನ ಏನೋ ಅಂತೀರ. ಒಂದೇ ಲೋಟದಲ್ಲಿ ಟೀ ಕುಡೀತೀರ. ಆಗೆಲ್ಲ ನನ್ನ ಕೈ ಬಿಗಿಯಾಗುತ್ತೆ. ನಂಗೇ ಗೊತ್ತಿಲ್ಲದೇ! ಪಾಪ, ಇದು ನನ್ನ ಕೈ ನಂಬಿ ನಿಮ್ಮ ಮೇಲೆ ಹಾರುತ್ತೆ. ತಪ್ಪು ನಂದು. ನಂಗೆ ಹೊಟ್ಟೆಕಿಚ್ಚು ಡಾಕ್ಟ್ರೇ. ಚಿಂದಿನ ಮಾತ್ರ ಕಳಿಸ್ಬೇಡಿ..."

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು. ಅವನ ಕಡೆ ನೋಡುವ ಧೈರ್ಯವಾಗಲಿಲ್ಲ. ಅವನು ಒಂದು ಮಾತೂ ಆಡಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಹೋದ ವರ್ಷ ನಾನೇ ಇವನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದೆ. ಬೇಡ ಅಂದ. ಮೂರು ತಿಂಗಳು ಮಾತು ಬಿಟ್ಟಿದ್ದೆ, ಆಮೇಲೆ ಸ್ನೇಹಿತರಾದ್ವಿ." ಅವರು ಸಣ್ಣಗೆ ನಕ್ಕರು, ಆ ನಗುವಿನಲ್ಲಿ ಸ್ವಲ್ಪ ನೋವೂ ಇತ್ತು. "ನೀವು ಅಂಗಳಕ್ಕೆ ಬಂದಾಗ ಇವನು ಹೇಗೆ ನೋಡ್ತಾನೆ ಅಂತ ನಂಗೆ ಗೊತ್ತು. ನಂಗೂ ಹೊಟ್ಟೆ ಉರಿಯುತ್ತೆ. ಪುಣ್ಯಕ್ಕೆ ನನ್ನ ಕೈಯಲ್ಲಿ ಹಗ್ಗ ಇಲ್ಲ, ಅಷ್ಟೇ!"

ಅವಳು ಬೆಪ್ಪಾಗಿ ನೋಡಿದಳು.

"ಈಗ ಚಿಂದಿಗೆ ನೀರು ಕುಡಿಸಿ, ಒಂದು ಗಂಟೆ ನೆರಳಲ್ಲಿ ಮಲಗಿಸಿ. ಆಮೇಲೆ ಇನ್ನೊಂದೇ ಒಂದು ಸಲ."

ಆ ಒಂದು ಗಂಟೆ ಅವನು ಗೋಡೆಗೊರಗಿ ಕೂತೇ ಇದ್ದ. ಹತ್ತಿರ ಬರಲಿಲ್ಲ. ಹಾಗಾದರೆ ನಾನೂ ಬೇಡವಾ? ಬೇಡವಾದರೆ ಬೇಡ. ಅವನು ಸಿಗದಿದ್ದರೂ ಬದುಕುತ್ತೇನೆ, ಈ ಕುಂಟಿ ನನ್ನ ಪಾದದ ಮೇಲೆ ಮಲಗಲಿ ಸಾಕು.

ಡಾಕ್ಟರಮ್ಮ ಎದ್ದರು. ಬೇಕೆಂದೇ ಅವನ ಹತ್ತಿರ ಹೋಗಿ, "ಏನೋ, ಮೂಕನಾಗಿಬಿಟ್ಯಾ?" ಎಂದು ಬೆನ್ನು ತಟ್ಟಿ ಬಂದರು.

ಅವಳಿಗೆ ಉರಿಯಿತು, ಇಲ್ಲವೆಂದೇನಿಲ್ಲ! ಆದರೆ ಈ ಸಲ ಉರಿಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟಳು. ಹಗ್ಗ ನೆಲಕ್ಕೆ ಜೋತುಬಿತ್ತು. ಚಿಂದಿ ಡಾಕ್ಟರಮ್ಮನನ್ನು ನೋಡಿತು. ಅವಳ ಮುಖ ನೋಡಿತು. ಆಮೇಲೆ ಆಕಳಿಸಿ, ಕೋಳಿಯ ಚೂರಿಗೆ ಮೂಗು ಚಾಚಿತು.

ಇನ್ನೊಂದು ಸಲ ಎಂದಿದ್ದ ಡಾಕ್ಟರಮ್ಮ ಮೂರು ಸಲ ದಾಟಿದರು. ಮೂರು ಸಲವೂ ಗುರ್ ಇಲ್ಲ!

'ಕುಕ್ಕೆ ಹಾಕಿ, ಹಗ್ಗ ಹಿಡಿದು, ಜನರ ಮಧ್ಯೆ ನಡೆಸಬಹುದು. ಅಭ್ಯಾಸ ಮುಂದುವರಿಸಬೇಕು.' ಸಹಿ ಬಿತ್ತು. ಡಾಕ್ಟರಮ್ಮ ಕಾಗದ ಕೊಟ್ಟು, ಅವಳ ಕೆನ್ನೆ ಮೆಲ್ಲಗೆ ತಟ್ಟಿ, ತಿರುಗಿ ನೋಡದೆ ಒಳಗೆ ನಡೆದರು.

ಆಗ ಅವನು ಎದ್ದು ಬಂದ.

"ಇಷ್ಟೊತ್ತು ಯಾಕೆ ಸುಮ್ನಿದ್ರಿ?" ಅವಳು ಕಾಗದ ಮಡಚುತ್ತ ಕೇಳಿದಳು.

"ಮಾತಾಡಿದ್ರೆ ನಿಮ್ಮ ಕೈ ಬಿಗಿಯಾಗ್ತಿತ್ತು. ಚಿಂದಿ ಫೇಲಾಗ್ತಿತ್ತು." ಅವನು ತಲೆ ಕೆರೆದುಕೊಂಡ. "ಹೊಟ್ಟೆಕಿಚ್ಚು ನಿಮಗೊಬ್ರಿಗೇ ಅಂದ್ಕೊಂಡ್ರಾ? ಅವತ್ತು ಚಿಂದಿನ ಬೀದೀಲಿ ನಡೆಸೋ ಅಭ್ಯಾಸಕ್ಕೆ ನಿಮ್ಮ ಅಂಗಡಿಗೆ ಬಂದಾಗ, ಕೋಟು ಹೊಲಿಸೋಕೆ ಒಬ್ಬ ಬಂದಿದ್ನಲ್ಲ, ಅವನ ಎದೆ ಅಳತೆ ಎಷ್ಟು ಸಲ ತಗೊಂಡ್ರಿ?"

"ಎರಡು ಸಲ."

"ಮೂರು!"

"ಅವ್ರಿಗೆ ಅರವತ್ತು ವರ್ಷ ರೀ!"

"ಆದ್ರೇನು? ನಂಗೆ ಆ ದಿನ ಊಟ ಸೇರ್ಲಿಲ್ಲ."

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು. "ಮತ್ತೆ ನನ್ನ ಬರ್ಬೇಡಿ ಅಂದಿದ್ದು?"

"ನೀವು ಡಾಕ್ಟರಮ್ಮನಿಗೆ ಹೆದರ್ತೀರ, ಅದಕ್ಕೇ ಕೈ ಬಿಗಿಯಾಗುತ್ತೆ ಅಂದ್ಕೊಂಡೆ. ದಡ್ಡ ನಾನು. ನೀವಿಲ್ಲದ ನಾಲ್ಕು ದಿನ ಅಂಗಳಕ್ಕೆ ಬರೋಕೇ ಬೇಜಾರಾಯ್ತು."

"ಇನ್ಯಾವತ್ತೂ ಹಾಗನ್ಬೇಡಿ."

"ಬರ್ಬೇಡಿ ಅನ್ನಲ್ಲ." ಅವನ ಮಾತು ತಗ್ಗಿತು. "ಬಾ ಅಂತೀನಿ. ಅನ್ನಬಹುದಾ?"

ಆ ಒಂದು ಏಕವಚನಕ್ಕೆ ಅವಳ ಕಿವಿಯವರೆಗೆ ಬಿಸಿಯಾಯಿತು. "ಎಲ್ಲಿಗೆ?"

"ಮೊದಲು ಚಿಕ್ಕಮ್ಮನ ಹತ್ರ. ನಂಗೆ ಸ್ವಲ್ಪ ಭಯ."

"ಚಿಕ್ಕಮ್ಮ ಏನೂ ಮಾಡಲ್ಲ ಕಣೋ."

"ಬರ್ಕೊಡ್ತೀಯಾ?"

ಅವಳು ಅವನ ಕೈಗೆ ತನ್ನ ಕೈ ಕೊಟ್ಟಳು.

"ಬರ್ಕೊಡಲ್ಲ. ಜೊತೆಗೆ ಬರ್ತೀನಿ."