ಗಂಗಕ್ಕನ ಕೆಂಪು ಚುಕ್ಕೆ

“ಈ ಯಾದಿ ಬರದವ್ರು ನೀವೇನ್ರಿ?”

ಸುಂದರಾ ತಲೆ ಎತ್ತಿದಳು. ವಾಚನಾಲಯದ ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಹೆಗಲಲ್ಲಿ ಖಾಕಿ ಚೀಲ, ಬೂಟಿನ ಮೇಲೆ ಒಣಗಿದ ಸಗಣಿ. ಕೈಯಲ್ಲಿ, ನಿನ್ನೆಯಷ್ಟೇ ಅವಳು ಹೊರಗಿನ ಹಲಗೆಗೆ ಅಂಟಿಸಿದ್ದ ಕಾಗದ.

‘ಪುಸ್ತಕ ಮರಳಿಸದೇ ಇರುವವರು’ ಎಂಬ ತಲೆಬರಹ. ಕೆಳಗೆ ಹನ್ನೊಂದು ಹೆಸರು.

“ಹೌದ್ರಿ... ನಾನ ಬರದದ್ದು.”

“ಅಕ್ಷರನೂ ನಿಮ್ವನ?”

ಎಂಥ ಪ್ರಶ್ನೆ ಇದು? ಅವಳು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. “ನನ್ವ ಅದಾವ್ರಿ. ಯಾಕ?”

ಅವನು ಕಾಗದವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಅವನ ಮುಖದಲ್ಲಿ ಏನೋ ಒಂದು ಆರಿಹೋಯಿತು. ಅದನ್ನು ಅವಳು ಸ್ಪಷ್ಟವಾಗಿ ಕಂಡಳು. ಆದರೆ ಅದು ಏನೆಂದು ತಿಳಿಯಲಿಲ್ಲ.

“ಏನಿಲ್ಲ. ಬ್ಯಾರೆ ಯಾರರ ಬರದಿದ್ರ ಇಷ್ಟ ಬ್ಯಾಸರಾಗ್ತಿದ್ದಿಲ್ಲ.” ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. “ಮೂರನೇ ಹೆಸರು ನಂದು. ಮಲಕಾರಿ. ನಿನ್ನೆ ಗಿರಣಿ ಮುಂದ ಯಾರೋ ಈ ಯಾದಿ ನಮ್ಮವ್ವಗ ಓದಿ ಹೇಳ್ಯಾರ. ಬೀಸಾಕ ಹಾಕಿದ್ದ ಜ್ವಾಳಾ ಬಿಟ್ಟು ಮನೀಗಿ ಬಂದಾಳ.”

“ಹದಿಮೂರ ವರ್ಷ ಇಟ್ಕೊಂಡೀರಿ...”

ಮಾತು ಬಾಯಿಂದ ಜಾರಿದ ಕೂಡಲೇ ಸುಂದರಾಳಿಗೆ ಕಸಿವಿಸಿಯಾಯಿತು. ಹತ್ತು ಸಲ ತೂಗಿ ಮಾತಾಡುವವಳು ಅವಳು!

“ಇಟ್ಕೊಂಡಿದ್ದಿಲ್ರಿ ಬಾಯಾರ, ಕೊಟ್ಟಿದ್ರು,” ಎಂದ ಅವನು, ದನಿ ಏರಿಸದೆ. “ಗಂಗಕ್ಕ ಇದ್ದಿದ್ರ ಕೇಳಬಹುದಿತ್ತು.”

ಅವನು ಮೆಟ್ಟಿಲಿಳಿದು ಹೋದ. ಏಕಸಂಬಿಯ ರಸ್ತೆಯಲ್ಲಿ ಕಬ್ಬಿನ ಗಾಡಿಯೊಂದು ಹಾದುಹೋಗುವವರೆಗೂ ಅವಳು ಹಾಗೆಯೇ ಕುಳಿತಿದ್ದಳು.

ಗಂಗಕ್ಕ ತೀರಿಕೊಂಡು ಬರುವ ರವಿವಾರಕ್ಕೆ ಒಂದು ವರ್ಷ.

ಶಿವಗಂಗವ್ವ ಎಂಬುದು ದಾಖಲೆಯಲ್ಲಿದ್ದ ಹೆಸರು. ಏಕಸಂಬಿಯ ಮಕ್ಕಳಿಗೆಲ್ಲ ಅವಳು ಗಂಗಕ್ಕ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಪಂಚಾಯಿತಿಯ ಹಳೆಯ ಕೋಣೆಯೊಂದರಲ್ಲಿ ಮಕ್ಕಳ ವಾಚನಾಲಯ ಇಟ್ಟಳು. ಇಪ್ಪತ್ತಾರು ವರ್ಷ ನಡೆಸಿದಳು. ಹುಳ ಹತ್ತಬಾರದೆಂದು ಪ್ರತಿ ಪುಸ್ತಕದಲ್ಲೂ ನಿಪ್ಪಾಣಿಯ ತಂಬಾಕಿನ ಒಣ ಎಲೆಯ ತುಂಡು ಇಡುತ್ತಿದ್ದಳು. ಹಾಗಾಗಿ ಆ ಕೋಣೆಯಲ್ಲಿ ಕಥೆ ಶುರುವಾಗುವ ಮುಂಚೆ ಎಲ್ಲರಿಗೂ ಒಂದು ಸೀನು ಬರುತ್ತಿತ್ತು. “ಸೀನಿದಿ? ಹಂಗಾರ ಪುಸ್ತಕ ನಿನ್ನ ಗುರ್ತು ಹಿಡೀತು. ಓದು,” ಎನ್ನುತ್ತಿದ್ದಳು ಗಂಗಕ್ಕ.

ಸುಂದರಾ ಆ ಕೋಣೆಯಲ್ಲೇ ಬೆಳೆದವಳು. ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಬಂದಿದ್ದಳು. ಗಂಗಕ್ಕನ ನಂತರ ಬೀಗದಕೈ ಅವಳ ಕೈಗೆ ಬಂದಿತ್ತು, ಸದ್ಯಕ್ಕೆ ಎಂಬ ಮಾತಿನೊಂದಿಗೆ. ಆ ‘ಸದ್ಯಕ್ಕೆ’ ಅವಳ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಒಂದೂ ತಪ್ಪು ಮಾಡಬಾರದು. ಗಂಗಕ್ಕನ ಹೆಸರಿಗೆ ನನ್ನಿಂದ ಕುಂದು ಬರಬಾರದು...

ವರ್ಷದ ಸ್ಮರಣೆಯ ಕಾರ್ಯಕ್ರಮಕ್ಕೆ ಅವಳ ಅಪ್ಪ ರಾವಸಾಹೇಬರೇ ಮುಂದಾಳು. ದ್ರಾಕ್ಷಿ ತೋಟದ ಧಣಿ, ಮಾತು ಕಡಿಮೆ, ಮಾಡಿಸುವುದು ಜಾಸ್ತಿ. “ಅವತ್ತ ಒಂದೂ ಪುಸ್ತಕ ಹೊರಗಿರಬಾರ್ದವಾ. ಕಪಾಟಿನ್ಯಾಗ ಹಲ್ಲ ಬಿದ್ದ ಬಾಯಿ ಕಂಡಂಗ ಸಂದಿ ಕಾಣಬಾರ್ದು,” ಎಂದಿದ್ದರು.

ಅದಕ್ಕೇ ಅವಳು ದಾಖಲೆ ಪುಸ್ತಕ ತೆಗೆದಿದ್ದಳು. ಹನ್ನೊಂದು ಹೆಸರಿನ ಮುಂದೆ ಗಂಗಕ್ಕ ಕೆಂಪು ಶಾಯಿಯಲ್ಲಿ ಒಂದೊಂದು ಚುಕ್ಕೆ ಇಟ್ಟಿದ್ದಳು. ಕಾಲೇಜಿನ ಗ್ರಂಥಾಲಯದಲ್ಲಿ ಕೆಂಪು ಗುರುತು ಎಂದರೆ ಪುಸ್ತಕ ಮರಳಿಸದವರು. ಸುಂದರಾ ಮತ್ತೇನನ್ನೂ ಯೋಚಿಸದೆ ಯಾದಿ ಬರೆದು ಅಂಟಿಸಿದ್ದಳು.

ಈಗ ಮಲಕಾರಿ ಇಟ್ಟು ಹೋದ ಪುಸ್ತಕವನ್ನು ಮೆಲ್ಲಗೆ ತೆರೆದಳು. ಆಕಾಶದ ಬಗ್ಗೆ ಮಕ್ಕಳಿಗಾಗಿ ಬರೆದದ್ದು. ಹೊದಿಕೆ ಕಿತ್ತು, ಕಂಬಳಿಯ ದಾರದಲ್ಲಿ ಹೊಲಿಯಲಾಗಿತ್ತು. ಉಣ್ಣೆ, ಹೊಗೆ, ತಂಬಾಕು ಎಲ್ಲ ಸೇರಿದ ವಾಸನೆ. ಸೀನು ಬಂತು.

ಹಿಂದಿನ ಹಾಳೆಗೆ ಅಂಟಿಸಿದ ಚೀಲದಲ್ಲಿ ಒಂದು ಉದ್ದದ ಕಾರ್ಡು. ಅದರಲ್ಲಿ ತಾರೀಖುಗಳಿರಲಿಲ್ಲ. ಬೇರೆ ಬೇರೆ ಮಕ್ಕಳ ಕೈಬರಹ...

‘ಗಡಹಿಂಗ್ಲಜ ದಾಟಿ ಬಯಲಿನ್ಯಾಗ ಓದಿದೆ. ಬಾಳು.’

‘ಆಂಬೋಲಿ ಘಾಟಿನ್ಯಾಗ. ಮಂಜು ಭಾಳ. ಅಕ್ಕವ್ವ.’

‘ಆಜರಾ. ಒಂದ ಪಾನಾ ನಮ್ಮ ಕುರಿ ತಿಂದೈತಿ. ತಪ್ಪಾತು. ಮಲಕಾರಿ.’

ಅದರ ಕೆಳಗೆ ಗಂಗಕ್ಕನ ಕೈಬರಹ: ‘ಕುರಿಗೆ ರುಚಿ ಗೊತ್ತು. ಪುಟ ಬರೆಸಿ ಹಚ್ಚಿದ್ದೇನೆ. ಈ ಪುಸ್ತಕ ಹಿಂಡಿನ ಜೊತೆಗೇ ಇರಲಿ.’

ಸುಂದರಾ ಕಾರ್ಡನ್ನು ಪಕ್ಕಕ್ಕಿಟ್ಟಳು. ಸರಸರನೆ ಪುಟ ತಿರುವಿದಳು. ನಡುವೆ, ಅಚ್ಚಿನ ಪುಟಗಳ ಮಧ್ಯೆ, ಗೆರೆ ಹೊಡೆದ ಒಂದು ಹಾಳೆ. ನೀಲಿ ಶಾಯಿ. ದುಂಡಗೆ, ಭಯಭಯವಾಗಿ, ಒಂದೂ ಚಿತ್ತು ಇಲ್ಲದ ಅಕ್ಷರ. ಪ್ರತಿ ಸಾಲಿನ ಕೊನೆಯ ಅಕ್ಷರಕ್ಕೆ ಬಳ್ಳಿಯ ಹಾಗೆ ಒಂದು ಸಣ್ಣ ಸುರುಳಿ.

ಅವಳದೇ ಅಕ್ಷರ!

ನೆನಪಾಯಿತು. ಹತ್ತು ವರ್ಷದವಳಿದ್ದಾಗ ಗಂಗಕ್ಕ ಬೇರೊಂದು ಪ್ರತಿ ಮುಂದಿಟ್ಟು, “ನಿನ್ನ ಅಕ್ಷರ ಚಂದ ಅದಾವು, ಈ ಒಂದ ಪಾನಾ ಬರದ ಕೊಡವಾ,” ಎಂದಿದ್ದಳು. ಯಾರಿಗೆ, ಯಾಕೆ ಎಂದು ಸುಂದರಾ ಕೇಳಿರಲಿಲ್ಲ.

ಇವತ್ತಿಗೂ ಅವಳು ಸಾಲಿನ ಕೊನೆಗೆ ಆ ಸುರುಳಿ ಎಳೆಯುತ್ತಾಳೆ. ಹಲಗೆಯ ಮೇಲಿನ ಯಾದಿಯಲ್ಲೂ, ಹನ್ನೊಂದು ಹೆಸರಿಗೂ ಎಳೆದಿದ್ದಳು.

‘ಅಕ್ಷರನೂ ನಿಮ್ವನ?’

ಅವನು ಕೇಳಿದ್ದು ಯಾಕೆಂದು ಈಗ ತಿಳಿಯಿತು. ಕಣ್ಣು ತುಂಬಿ ಬಂತು. ಹನಿ ಪುಟದ ಮೇಲೆ ಬೀಳದಂತೆ ಅವಳು ಪುಸ್ತಕವನ್ನು ದೂರ ಸರಿಸಿದಳು.

ದಾಖಲೆ ಪುಸ್ತಕ ಮತ್ತೆ ತೆಗೆದು ನೋಡಿದಳು. ಕೆಂಪು ಚುಕ್ಕೆಗಳೆಲ್ಲ ಇದ್ದದ್ದು ‘ಊರು’ ಎಂಬ ಅಂಕಣದಲ್ಲಿ. ಹನ್ನೊಂದು ಮಂದಿಯೂ ಕುರಿ ಕಾಯುವವರ ಮಕ್ಕಳು. ದೀಪಾವಳಿ ಮುಗಿದ ಮೇಲೆ ಘಟ್ಟ ಇಳಿದು ಕೊಂಕಣಕ್ಕೆ ಹೋಗಿ, ಮಳೆಗಾಲಕ್ಕೆ ಮರಳುವವರು. ಊರು ಯಾವುದೆಂದು ಬರೆಯಬೇಕು? ಗಂಗಕ್ಕ ಚುಕ್ಕೆ ಇಟ್ಟಿದ್ದಳು, ಅಷ್ಟೇ.

ಸುಂದರಾ ಬೀಗ ಹಾಕಿ, ಮಧ್ಯಾಹ್ನದ ಬಿಸಿಲಿನಲ್ಲೇ ಊರ ಹೊರಗಿನ ಕುರಿಹಟ್ಟಿಗೆ ನಡೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಕೆಡಿಸಿದಳು.

ಗುಡಿಸಿಲ ಮುಂದೆ ಮಲಕಾರಿಯ ತಾಯಿ ತಾರವ್ವ ಉಣ್ಣೆ ನೂಲುತ್ತಿದ್ದಳು. ಸುಂದರಾ ಬಾಯಿ ತೆರೆಯುವ ಮೊದಲೇ, “ಮೊದಲ ಮಜ್ಜಿಗಿ ಕುಡಿ. ಗಂಗಕ್ಕನೂ ಬಂದ್ರ ಮೊದಲ ಮಜ್ಜಿಗಿ, ಆಮ್ಯಾಲ ಮಾತು,” ಎಂದಳು.

“ಗಂಗಕ್ಕ ಇಲ್ಲಿಗೆ ಬರ್ತಿದ್ಲಾ?”

“ದೀಪಾವಳಿ ಆದ ಮರುದಿನ ಚೀಲಾ ಹೊತ್ಕೊಂಡ ಬರಾಕಿ. ನಮಗ ಬುತ್ತಿ ನಾವ ಕಟ್ಕೋತಿದ್ವಿ, ಹುಡುಗೂರಿಗಿ ಪುಸ್ತಕದ ಬುತ್ತಿ ಆಕಿ ಕಟ್ಟತಿದ್ಲು.”

ಸುಂದರಾ ಮಜ್ಜಿಗೆಯ ಲೋಟ ಕೆಳಗಿಟ್ಟಳು. “ಆಯೀ... ಆ ಯಾದಿ ಬರದಾಕಿ ನಾನ. ತಪ್ಪಾತು. ತಿಳೀದ ಮಾಡೀನಿ.”

ತಾರವ್ವ ಕದಿರು ನಿಲ್ಲಿಸಿದಳು.

“ರಾವಸಾಹೇಬ್ರ ಮಗಳಲ್ಲಾ ನೀನು? ನಮ್ಮ ಮಲಕಾರಿ ಅಕ್ಷರ ದುಂಡಗ ಬರಿಯಾಕ ಕಲ್ತದ್ದು ಒಂದ ಪಾನದ ಮ್ಯಾಗ. ಪಾಟಿ ಇದ್ದಿದ್ದಿಲ್ಲ, ಉಸುಕಿನ್ಯಾಗ ಕಡ್ಡಿಲೇ ತಿದ್ದಾಂವ. ಕೇಳಿ ಕೇಳಿ ನಂಗೂ ಬಾಯಿಪಾಠ ಆಗೈತಿ. ‘ನಾವು ನಡೆದರೆ ಚಂದ್ರನೂ ಜೊತೆಗೆ ನಡೆದಂತೆ ಕಾಣುತ್ತಾನೆ. ಯಾಕೆಂದರೆ ಅವನು ಬಹಳ ದೂರದಲ್ಲಿದ್ದಾನೆ.’ ಹೌದಿಲ್ಲೋ?”

“ಹೌದ್ರಿ...”

“ಇದನ್ನ ಯಾರ ಬರದಾರ ಅಂತ ಗಂಗಕ್ಕನ ಎಷ್ಟ ಸಲ ಕೇಳ್ಯಾನ! ಆಕಿ ಹೇಳಲಿಲ್ಲ. ಬರದಾಕಿ ಒಂದಿನ ತಾನ ಬರ್ತಾಳ ಅಂದ್ಲು.” ತಾರವ್ವ ಮತ್ತೆ ಕದಿರು ತಿರುಗಿಸಿದಳು. “ಯಾದಿ ನೋಡಿ ಅದ ಅಕ್ಷರ ಅಂತ ಅಂವ ಗುರ್ತ ಹಿಡದಾನ. ಬಂದಿ ಬಿಡು. ಯಾದಿ ಹಿಡ್ಕೊಂಡ ಬಂದಿ, ಅಷ್ಟ ತಪ್ಪು.”

ಸುಂದರಾಳಿಗೆ ಅಳುವಿನ ನಡುವೆಯೇ ನಗು ಬಂತು. “ಅವ್ರು... ಎಲ್ಲಿ ಅದಾರ್ರಿ?”

“ಚಿಕ್ಕೋಡಿಗಿ ಹೋಗ್ಯಾನ. ದನದ ದವಾಖಾನಿ ನೌಕರಿ. ಐತವಾರ ರಜಾ ಇರ್ತೈತಿ. ಆದ್ರ ನಿಮ್ಮ ಕಾರ್ಯಕ್ರಮಕ್ಕ ಬರೂದಿಲ್ಲ ಅಂದಾನ. ನಾವ್ಯಾರೂ ಬರೂದಿಲ್ಲವಾ. ಯಾದ್ಯಾಗ ಹೆಸರ ಬಂದವ್ರು ಮಂದಿ ಮುಂದ ಹೆಂಗ ಕುಂಡ್ರೂದು?”

ರವಿವಾರದವರೆಗಿನ ನಾಲ್ಕು ದಿನ ಸುಂದರಾ ಸರಿಯಾಗಿ ಊಟ ಮಾಡಲಿಲ್ಲ. ಗಂಗಕ್ಕ ಯಾರಿಗೆ ಬುತ್ತಿ ಹೊತ್ತು ಹೋಗುತ್ತಿದ್ದಳೋ ಆ ಜನರೇ ಬಾರದ ಮೇಲೆ, ಅದು ಗಂಗಕ್ಕನ ದಿನ ಹೇಗಾಗುತ್ತದೆ? ಮತ್ತೆ ಅವನು... ಅವನು ಆ ಅಕ್ಷರಗಳನ್ನು ಇನ್ನೆಂದಾದರೂ ಮೊದಲಿನ ಹಾಗೆ ನೋಡಿಯಾನೇ?

ಆ ದಿನ ಹಟ್ಟಿಯಿಂದ ಬಂದವಳೇ ಹಲಗೆಗೆ ಅಂಟಿ ಉಳಿದಿದ್ದ ಹಳೆಯ ಯಾದಿಯ ಚೂರುಗಳನ್ನೂ ಕೆರೆದು ತೆಗೆದಳು. ಅದೇ ಜಾಗದಲ್ಲಿ ಇನ್ನೊಂದು ಕಾಗದ ಅಂಟಿಸಿದಳು. ಅದೇ ಹನ್ನೊಂದು ಹೆಸರು. ಮೇಲೆ, ‘ಗಂಗಕ್ಕನ ಪುಸ್ತಕಗಳನ್ನು ಘಟ್ಟದಾಚೆಗೂ ನಡೆಸಿದವರು. ನನ್ನ ಮೊದಲ ಯಾದಿ ತಪ್ಪು. ಕ್ಷಮೆ ಇರಲಿ.’ ಕೆಳಗೆ ತನ್ನ ಸಹಿ. ಕೊನೆಗೆ ಸುರುಳಿ. ಆಮೇಲೆ ಗಿರಣಿಗೆ ಹೋಗಿ, ಬೀಸಲು ಬಂದವರಿಗೆಲ್ಲ ಅದನ್ನು ತಾನೇ ಓದಿ ಹೇಳಿದಳು.

ರವಿವಾರ ಕೋಣೆ ತುಂಬಿತ್ತು. ಗಂಗಕ್ಕನ ಭಾವಚಿತ್ರಕ್ಕೆ ಸೇವಂತಿಗೆ ಹಾರ. ಕಪಾಟಿನಲ್ಲಿ ಹನ್ನೊಂದು ಸಂದಿ ಹಾಗೆಯೇ ಇತ್ತು. ಮಲಕಾರಿ ಮರಳಿಸಿದ ಪುಸ್ತಕವನ್ನೂ ಸುಂದರಾ ಒಳಗೆ ಇಟ್ಟಿರಲಿಲ್ಲ.

ರಾವಸಾಹೇಬರು ಹುಬ್ಬು ಗಂಟಿಕ್ಕಿದರು. “ಏನವಾ ಇದು?”

“ಹೇಳ್ತೀನಪ್ಪಾ.”

ಬರೆದು ತಂದ ಭಾಷಣವನ್ನು ಅವಳು ಮಡಿಚಿಟ್ಟಳು. ಆ ಉದ್ದದ ಕಾರ್ಡು ತೆಗೆದು ಓದತೊಡಗಿದಳು. ಗಡಹಿಂಗ್ಲಜ. ಆಂಬೋಲಿ. ಸಾವಂತವಾಡಿ. ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಬಯಲು. ಕುರಿ ಪಾನಾ ತಿಂದ ಸಾಲು ಬಂದಾಗ ಮಕ್ಕಳು ನಕ್ಕರು.

“ಗಂಗಕ್ಕ ಈ ಕೋಣಿ ಬಿಟ್ಟ ಎಲ್ಲೂ ಹೋಗಲಿಲ್ಲ ಅಂತ ನಾವು ತಿಳ್ಕೊಂಡಿದ್ವಿ,” ಎಂದಳು. “ಆಕಿ ಸಮುದ್ರದ ತನಕ ಹೋಗಿದ್ಲು. ಈ ಹನ್ನೊಂದು ಸಂದಿ ಹಿಂಗ ಇರ್ಲಿ. ಇವು ಕಳದಿಲ್ಲ. ನಡ್ಯಾಕತ್ತಾವು.”

ತಲೆ ಎತ್ತಿದಾಗ ಬಾಗಿಲಲ್ಲಿ ಕಂಬಳಿ ಹೊದ್ದವರು ನಿಂತಿದ್ದರು. ತಾರವ್ವ ಮುಂದೆ. ಅವಳ ಹಿಂದೆ... ಅವನು!

ರಾವಸಾಹೇಬರು ಎದ್ದರು. ಅವರು ತಾವು ಕುಳಿತಿದ್ದ ಜಮಖಾನೆಯ ಮೇಲಿನಿಂದ ಸರಿದು, “ಬರ್ರಿ, ಒಳಗ ಬರ್ರಿ. ಜಾಗಾ ಐತಿ,” ಎಂದರು. ಆಮೇಲೆ ಮಗಳ ಕಿವಿಯ ಬಳಿ ಬಗ್ಗಿದರು. “ಹಲ್ಲ ಬಿದ್ದ ಬಾಯಿ ಅಂದಿದ್ದೆ. ಹುಡುಗೂರ ಹಾಲಹಲ್ಲ ಬಿದ್ದಂಗ ಕಾಣತೈತಿ ಬಿಡು. ಚಂದ ಐತಿ.”

ಕಾರ್ಯಕ್ರಮ ಮುಗಿದು ಜನ ಹೊರಗೆ ಚುರುಮುರಿ ತಿನ್ನುತ್ತಿದ್ದರು. ರಾವಸಾಹೇಬರು ಮಲಕಾರಿಯನ್ನು ತಡೆದು, “ನಮ್ಮ ಎಮ್ಮಿ ಮೂರ ದಿನ ಮೇವ ಮುಟ್ಟಿಲ್ಲ. ಸಂಜಿಗಿ ಬಂದ ನೋಡು. ಊಟಾ ಮಾಡೇ ಹೋಗು,” ಎಂದು ಹೇಳಿ ಮುಂದೆ ಹೋದರು. ಅವರ ಮನೆಯ ಎಮ್ಮೆ ಆ ಬೆಳಿಗ್ಗೆಯೂ ಬುಟ್ಟಿ ತುಂಬ ಮೇವು ತಿಂದಿತ್ತು. ಸುಂದರಾ ಅಪ್ಪನ ಬೆನ್ನನ್ನೇ ನೋಡಿದಳು.

ಒಳಗೆ ಇಬ್ಬರೇ ಉಳಿದರು.

“ಬರೂದಿಲ್ಲ ಅಂದಿದ್ರಂತ...” ಎಂದಳು ಅವಳು, ನೆಲ ನೋಡುತ್ತ.

“ಗಿರಣಿ ಮುಂದ ನೀವ ಓದಿದ್ದು ಅವ್ವ ಕೇಳ್ಯಾಳ. ಬಿಟ್ಟ ಬಂದಿದ್ದ ಜ್ವಾಳಾ ಅವತ್ತ ತಂದ್ಲು.” ಅವನು ತುಸು ನಕ್ಕ. “ನಾನೂ ಹಲಗಿ ನೋಡಿದೆ. ಹದಿಮೂರ ವರ್ಷ ಆ ಅಕ್ಷರ ಬರದಾಕಿ ಹೆಂಗಿರಬಹುದು ಅಂತ ವಿಚಾರ ಮಾಡೀನಿ. ಆ ದಿನ ಯಾದಿ ನೋಡಿ, ನಂದ ಎಲ್ಲಾ ತಪ್ಪ ಲೆಕ್ಕ ಅಂತ ತಿಳ್ಕೊಂಡೆ.”

“ಈಗ?”

“ಈಗ ನೋಡ್ರಿ, ಸುರುಳಿ ಅದ ಐತಿ. ಬರದಾಕಿನೂ ಆಕಿನ ಅದಾಳ.”

ಅವಳ ಕಿವಿ ಬಿಸಿಯಾಯಿತು. ಪುಸ್ತಕವನ್ನು ಅವನ ಕೈಗಿಟ್ಟಳು. “ಇದು ನಿಮ್ಮ ಹಟ್ಟಿಗಿ ಸೇರಿದ್ದು. ದೀಪಾವಳಿ ಆದ ಮರುದಿನ ಬ್ಯಾರೆ ಪುಸ್ತಕ ತಗೊಂಡ ನಾ ಬರ್ತೀನಿ. ಗಂಗಕ್ಕನಂಗ.”

“ಪಾನಾ ಸವದೈತ್ರಿ. ಮತ್ತೊಮ್ಮಿ ಬರದ ಕೊಡ್ತೀರಿ?”

“ಎಷ್ಟ ಸಲ ಬೇಕಾದ್ರೂ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಮುಖ ಮರೆಸಲು ದಾಖಲೆ ಪುಸ್ತಕ ತೆರೆದಳು. ಹೊಸ ಸಾಲಿನಲ್ಲಿ ಅವನ ಹೆಸರು ಬರೆದಳು. ಪುಸ್ತಕದ ಹೆಸರು ಬರೆದಳು. ಮುಂದಿನ ಅಂಕಣದಲ್ಲಿ ಪೆನ್ನು ನಿಂತಿತು.

ಅವನು ಮೇಜಿನ ಮೇಲೆ ಬಾಗಿ ನೋಡಿದ. “ಯಾಕ, ಕೆಂಪ ಶಾಯಿ ಮುಗದೈತೇನ್ರಿ?”

“ಐತಿ.” ಅವಳು ಮೊದಲ ಬಾರಿ ಅವನ ಕಣ್ಣನ್ನು ನೇರವಾಗಿ ನೋಡಿದಳು. “ನೀವೀಗ ಹಿಂಡಿನ ಜೊತಿ ಹೋಗೂದಿಲ್ಲಲ್ಲ. ಊರು ಯಾವುದಂತ ಬರೀಲಿ?”

ಮಲಕಾರಿ ಬಾಗಿಲ ಕಡೆ ನೋಡಿದ. ಹೊರಗೆ ತಾರವ್ವ ಯಾರನ್ನೋ ಚುರುಮುರಿಗೆ ಕರೆಯುತ್ತಿದ್ದಳು.

“ನೀವ ಎಲ್ಲಿರ್ತೀರಿ, ಅದನ್ನ ಬರೀರಿ.”

ಸುಂದರಾ ಆ ಸಲ ಮಾತನ್ನು ತೂಗಲಿಲ್ಲ. ನೀಲಿ ಶಾಯಿಯಲ್ಲಿ, ದುಂಡಗೆ, ‘ಏಕಸಂಬಿ’ ಎಂದು ಬರೆದಳು. ಕೊನೆಯ ಅಕ್ಷರಕ್ಕೆ ಸುರುಳಿ ಎಳೆದಳು.

“ತಿರುಗಿ ಕೊಡೂ ತಾರೀಖು?” ಎಂದು ಕೇಳಿದಳು.

“ಅದೊಂದ ಖಾಲಿ ಬಿಡ್ರಿ,” ಎಂದ ಅವನು. ಮರುಕ್ಷಣ ತಂಬಾಕಿನ ಘಾಟಿಗೆ ಇಬ್ಬರೂ ಒಟ್ಟಿಗೆ ಸೀನಿದರು.