ಬಾಚಣಿಗೆಯ ನಲವತ್ತನೆಯ ಹಲ್ಲು

೧೯೫೬ರ ಫೆಬ್ರವರಿ ೧೪. ಬೆಳಗಿನಿಂದಲೂ ಸುಮಿದಾ ಹೊಳೆಯ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಒಂಬತ್ತೂ ಹತ್ತಕ್ಕೆ ಬಾಚಣಿಗೆ ಅಂಗಡಿಯ ಒಡತಿ ಫುಸಾಏ ಅಜ್ಜಿ ಅಸಾಕುಸಾ ಠಾಣೆಗೆ ಬಂದು, ಗಾಜಿನ ಚೌಕಟ್ಟೊಂದನ್ನು ಇನ್‌ಸ್ಪೆಕ್ಟರ್ ಕುರಾಮೋಚಿಯ ಮೇಜಿನ ಮೇಲಿಟ್ಟಳು. ಒಳಗೆ ಮರದಚ್ಚಿನ ಚಿತ್ರ: ಆಕೆಯ ಮಾವ ಮಾಡಿದ ಬಾಚಣಿಗೆ.

"ಕಳವಾಗಿದೆ."

"ಚಿತ್ರ ಇಲ್ಲೇ ಇದೆಯಲ್ಲ ಅಜ್ಜಿ," ಎಂದ ಕಾನ್‌ಸ್ಟೆಬಲ್ ತಾದೊಕೊರೊ.

"ಹಲ್ಲು ಎಣಿಸಪ್ಪ."

ನಲವತ್ತಿದ್ದವು.

"ನಮ್ಮದರಲ್ಲಿ ಮೂವತ್ತೊಂಬತ್ತು. ಅಚ್ಚು ಕೆತ್ತಿದವನು ಒಂದು ಹಲ್ಲು ನುಂಗಿದ್ದ. ಹೊಸಬರು ಕೆಲಸಕ್ಕೆ ಸೇರಿದರೆ ಅದನ್ನ ಹುಡುಕಿಸಿ ನಗ್ತೀವಿ. ನಿನ್ನೆ ಸೇರಿದವಳಿಗೆ ಸಿಗಲೇ ಇಲ್ಲ. ಮಾವನ ಕೈಕೆಲಸದ ಗುರುತು ಅಂತ ಉಳಿದಿರೋದು ಅದೊಂದೇ, ಸಾಹೇಬ್ರೇ."

ಎಫ್‌ಐಆರ್ ದಾಖಲಾಯಿತು. ಅಂಗಡಿಯಲ್ಲಿ ಪಂಚನಾಮೆ ಮುಗಿದಾಗ ಹನ್ನೊಂದೂವರೆ. ಬೀಗ ಮುರಿದಿರಲಿಲ್ಲ. ಚೌಕಟ್ಟು ಹೊರಗೆ ಹೋದದ್ದು ಒಮ್ಮೆ ಮಾತ್ರ, ವರ್ಷಾಂತ್ಯದ ಧೂಳು ಹೊಡೆಯುವಾಗ ಗಾಜು ಒಡೆದು, ಹೊಸದು ಹಾಕಿಸಲು.

"ಮೋಸಗಾರ ಆಗಿದ್ದರೆ ತಪ್ಪನ್ನೂ ಹಾಗೇ ಇಳಿಸ್ತಿದ್ದ," ಎಂದ ಕುರಾಮೋಚಿ. "ಇವನು ತಿದ್ದಿದಾನೆ. ಕಸುಬಿನವನೇ."

ಗಾಜಿನವನು ತಡವರಿಸದೆ ಹೆಸರು ಹೇಳಿದ: ಅಚ್ಚು ಕೆತ್ತುವ ಸೆಕಿಜೊ. ನೋಡಿ ಕೊಡ್ತೀನಿ ಅಂತ ಒಯ್ದವನ ಬಳಿ ಚಿತ್ರ ಹತ್ತು ದಿನ ಇತ್ತು.

ಮೂರು ಗಂಟೆಗೆ ಅವನ ಮನೆಯಲ್ಲಿ ಹೊಸ ಅಚ್ಚುಗಳು ಸಿಕ್ಕವು.

"ನೀನೇ ಕೆತ್ತಿದ್ದಾ?"

"ಹೌದು ಸ್ವಾಮಿ."

"ಹಲ್ಲು ಯಾಕೆ ಸೇರಿಸಿದೆ?"

"ತಪ್ಪು ಅಂತ ಗೊತ್ತಿದ್ದೂ ಕೆತ್ತೋಕೆ ಕೈ ಬರಲಿಲ್ಲ."

"ಅಸಲು?"

ಅವನು ಪಕ್ಕದ ಕೋಣೆಯ ಬಾಗಿಲು ಸರಿಸಿದ. ಬುದ್ಧನ ಗೂಡಿನಲ್ಲಿ, ತೀರಿಹೋದ ಗುರು ಉಮೆಮಾತ್ಸುವಿನ ಹೆಸರಿನ ಹಲಗೆಯೆದುರು ಚಿತ್ರ ಇತ್ತು. ಊದುಬತ್ತಿ ಉರಿಯುತ್ತಿತ್ತು.

"ಹತ್ತೊಂಬತ್ತನೇ ವಯಸ್ಸಲ್ಲಿ ಗುರುಗಳು ಕೆತ್ತಿದ ಮೊದಲನೇ ಅಚ್ಚು. ಚಿತ್ರಗಾರನ ಹೆಸರಿದೆ, ಅಂಗಡಿ ಹೆಸರಿದೆ, ಅವರದಿಲ್ಲ. ಸಾಯೋ ಮುಂಚೆ ಒಮ್ಮೆ ನೋಡಬೇಕು ಅಂದರು. ಅಜ್ಜೀನ ಕೇಳಿದೆ. 'ಹಲ್ಲು ನುಂಗಿದವನಿಗಾ?' ಅಂತ ನಕ್ಕುಬಿಟ್ಟರು. ಗಾಜು ಒಡೆದಾಗ ನಕಲು ಕೊಟ್ಟು ಅಸಲನ್ನ ಗುರುಗಳಿಗೆ ತೋರಿಸಿದೆ. ಜನವರಿ ಐದಕ್ಕೆ ಅವರು ಹೋದರು. ನಲವತ್ತೊಂಬತ್ತನೇ ದಿನದ ಕರ್ಮ ಕಳೆದ ಮೇಲೆ ವಾಪಸ್ ಇಡೋನಿದ್ದೆ. ಇನ್ನು ಎಂಟೇ ದಿನ."

ನಾಲ್ಕೂ ನಲವತ್ತಕ್ಕೆ ಬಂಧನವಾಯಿತು. ಸೆಕಿಜೊ ಗೂಡಿಗೆ ಕೈಮುಗಿದು ಮುಂದೆ ನಡೆದ.

ಠಾಣೆಯಲ್ಲಿ ಫುಸಾಏ ಅವನ ಹೇಳಿಕೆಯನ್ನು ಓದಿಸಿ ಕೇಳಿದಳು. ಫೋಟೊ ತೆಗೆಸಿ, ಮುಚ್ಚಳಿಕೆ ಬರೆಸಿಕೊಂಡು ಇನ್‌ಸ್ಪೆಕ್ಟರ್ ಅಸಲನ್ನು ಆಕೆಯ ವಶಕ್ಕೆ ಕೊಟ್ಟ.

ಫೆಬ್ರವರಿ ೨೨, ನಲವತ್ತೊಂಬತ್ತನೆಯ ದಿನ. ಬೆಳಿಗ್ಗೆ ಸೆಕಿಜೊನ ಹೆಂಡತಿ ಬಾಗಿಲು ತೆರೆದಾಗ ಫುಸಾಏ ಹೊಸ್ತಿಲಲ್ಲಿ ನಿಂತಿದ್ದಳು. ಶೋಕದ ಕಪ್ಪು ಕಿಮೋನೊ ಉಟ್ಟಿದ್ದಳು. ಒಳಗೆ ಬಂದು, ಗೂಡಿನ ಮುಂದೆ ಮಂಡಿಯೂರಿ, ಬಟ್ಟೆಯ ಗಂಟು ಬಿಚ್ಚಿ, ಎರಡೂ ಕೈಗಳಿಂದ ಚಿತ್ರವನ್ನು ಹಲಗೆಯ ಎದುರು ಇಟ್ಟಳು.